ಹುಲ್ಲಿನ ಔಷಧಿಗೆ ಯಾವ ನಾಜಲ್, ಯಾವ ಪಂಪು, ಎಷ್ಟು ನೀರು: ನಮ್ಮ ಭತ್ತದ ಗದ್ದೆಗೂ ಗೋವಿನಜೋಳದ ಹೊಲಕ್ಕೂ ಒಂದು ಹೋಲಿಕೆ

ನಟ್ಟಿ ಮುಗಿದು ಹದಿನೈದಿಪ್ಪತ್ತು ದಿನ ಆಗ್ತಿದ್ದಂಗೆ ಎಲ್ಲರೂ ಕೇಳೋದು ಒಂದೇ, "ಹುಲ್ಲಿಗೆ ಯಾವ ಔಷಧಿ ಹೊಡೆದ್ರಿ?" ಅಂತ. ಪಂಪಿನ ತುದೀಲಿ ಔಷಧೀನ ಹನಿ ಮಾಡಿ ಬಿಡೋ ನಾಜಲ್ ಯಾವುದು ಹಾಕಿದ್ರಿ, ಎಕರೆಗೆ ಎಷ್ಟು ಟ್ಯಾಂಕ್ ಹೋಯ್ತು, ಹೊಡೆಯೋವಾಗ ಗದ್ದೇಲಿ ನೀರು ನಿಂತಿತ್ತಾ ಬಸಿದಿತ್ತಾ ಅಂತ ಯಾರೂ ಕೇಳಲ್ಲ. ಒಂದೇ ಅಂಗಡಿಯಿಂದ ತಂದ ಒಂದೇ ಬ್ಯಾಚಿನ ಬಾಟ್ಲಿ ಅಕ್ಕಪಕ್ಕದ ಎರಡು ಗದ್ದೆಗೆ ಹೋಗಿರುತ್ತೆ, ಒಂದು ಗದ್ದೇಲಿ ಹುಲ್ಲು ಹಳದಿ ತಿರುಗಿ ಸತ್ತಿರುತ್ತೆ, ಅಂಚಿನಾಚೆ ಗದ್ದೇಲಿ ಪಟ್ಟೆ ಪಟ್ಟೆಯಾಗಿ ಹಸಿರು ನಿಂತಿರುತ್ತೆ, ಆಮೇಲೆ ಔಷಧಿ ಡೂಪ್ಲಿಕೇಟು ಅಂತ ಜಗಳ. ಡೂಪ್ಲಿಕೇಟ್ ಮಾಲು ಇರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಮಾಲು ಕೆಟ್ಟಿದ್ರೆ ಗದ್ದೆ ತುಂಬಾ ಒಂದೇ ಸಮ ಹುಲ್ಲು ಉಳೀಬೇಕಿತ್ತು, ಪಟ್ಟೆ ಆಗಿ ಉಳಿದಿದೆ ಅಂದ್ರೆ ಅಲ್ಲಿಗೆ ಔಷಧಿ ಬಿದ್ದೇ ಇಲ್ಲ. ಅದಕ್ಕೇ ಔಷಧಿ ಬದಲಾಯಿಸೋಕೆ ದುಡ್ಡು ಹಾಕೋ ಮೊದಲು ಹೊಡೆಯೋ ರೀತಿ ನೋಡ್ಕೊಳಿ ಅಂತ ಇಷ್ಟುದ್ದ ಬರೀತಾ ಇದೀನಿ.

ಹುಲ್ಲಿನ ಜಾತಿ ಕಳೆ ಸಾಯಿಸೋದು ಅಗಲ ಎಲೆ ಕಳೆಗಿಂತ ಕಷ್ಟ ಯಾಕೆ ಅನ್ನೋದು ಮೊದಲು ತಿಳ್ಕೊಂಡ್ರೆ ಮುಂದಿಂದು ಸುಲಭ ಆಗುತ್ತೆ. ಅಗಲ ಎಲೆ ಕಳೆ ಎಲೆ ಹರಡಿಕೊಂಡು ಮೇಲಕ್ಕೆ ಮುಖ ಮಾಡಿರುತ್ತೆ, ಹನಿ ಬಿದ್ರೆ ಕೂತ್ಕೊಳ್ಳುತ್ತೆ. ಹುಲ್ಲಿನ ಗರಿ ಸಣ್ಣ, ನೆಟ್ಟಗೆ ನಿಂತಿರುತ್ತೆ, ಮೇಲೆ ಮೇಣದ ಪದರ ಬೇರೆ, ದಪ್ಪ ಹನಿ ಬಿದ್ರೆ ಜಾರಿ ನೆಲಕ್ಕೆ ಹೋಗುತ್ತೆ. ಅದರ ಮೇಲೆ ಹುಲ್ಲಿನ ಸುಳಿ ಬೆಳೆಯೋ ಜಾಗ ತುದೀಲಿ ಇರಲ್ಲ, ಬುಡದಲ್ಲಿ ಗರಿಗಳ ಪೊರೆ ಒಳಗೆ ಅಡಗಿರುತ್ತೆ. ಪ್ಯಾರಾಕ್ವಾಟ್ ತರದ ಮುಟ್ಟಿದ ಜಾಗ ಮಾತ್ರ ಸುಡೋ ಔಷಧಿ ಹೊಡೆದ್ರೆ ಎರಡು ದಿನಕ್ಕೆ ಗರಿ ಎಲ್ಲ ಸುಟ್ಟು ಕೆಂಪಾಗಿ ಕಾಣುತ್ತೆ, ಹತ್ತು ಹನ್ನೆರಡು ದಿನಕ್ಕೆ ಬುಡದಿಂದ ಹೊಸ ಸುಳಿ ಎದ್ದು ಬರುತ್ತೆ. ಬಿಸ್ಪೈರಿಬ್ಯಾಕ್, ಸೈಹಾಲೋಫಾಪ್, ಫೆನಾಕ್ಸಾಪ್ರಾಪ್ ಇವೆಲ್ಲ ಗರಿ ಮೂಲಕ ಒಳಗೆ ಹೋಗಿ ಬುಡಕ್ಕೆ ಇಳಿದು ಸುಳೀನ ಕೊಲ್ಲೋ ಜಾತಿ, ನಿಧಾನ, ವಾರದಿಂದ ಹದಿನೈದು ದಿನ ಬೇಕು, ನಾಲ್ಕನೇ ದಿನ ನೋಡಿ ಏನೂ ಆಗಿಲ್ಲ ಅಂತ ಇನ್ನೊಂದು ಸಲ ಹೊಡೆಯೋಕೆ ಹೋಗಬೇಡಿ. ನಿಧಾನ ಆದ್ರೂ ಇವು ಕೆಲಸ ಮಾಡಬೇಕಾದ್ರೆ ಆ ಸಣ್ಣ ಗರಿ ಮೇಲೆ ಸಾಕಷ್ಟು ಹನಿ ಕೂತು ನಿಲ್ಲಬೇಕು, ಅದು ನಾಜಲ್ ಕೈಲಿರೋ ವಿಷಯ.

ನಾಜಲ್

ಪಂಪಿನ ಜೊತೆ ಬರೋದು ಹೆಚ್ಚಾಗಿ ಹಾಲೋ ಕೋನ್, ಅಂದ್ರೆ ಗುಂಡಗೆ ಮಂಜಿನ ಥರ ಬರೋದು. ಅದನ್ನ ಮಾಡಿರೋದು ಕೀಟಕ್ಕೆ, ರೋಗಕ್ಕೆ. ಗಿಡದ ಒಳಗೆಲ್ಲ ಸುತ್ತಿ ಎಲೆ ಅಡಿ ಬದಿಗೂ ಹೋಗಲಿ ಅಂತ ಸಣ್ಣ ಹನಿ ಕೊಡುತ್ತೆ. ನೆಲದ ಮೇಲೆ ಅದು ಬೀಳೋದು ಬಳೆ ಆಕಾರದಲ್ಲಿ, ಸುತ್ತ ಜಾಸ್ತಿ ನಡುವೆ ಕಮ್ಮಿ. ಅಗಲ ಕಮ್ಮಿ ಆಗಿರೋದ್ರಿಂದ ಹೊಡೆಯೋರು ಲ್ಯಾನ್ಸ್, ಅಂದ್ರೆ ನಾಜಲ್ ಕೂತಿರೋ ಕೋಲನ್ನ, ಎಡಕ್ಕೆ ಬಲಕ್ಕೆ ಬೀಸ್ತಾ ಹೋಗ್ತಾರೆ, ಮುಂದೆ ನಡೀತಾ ಬೀಸೋದ್ರಿಂದ ಗದ್ದೆ ಮೇಲೆ ಹಾವಿನ ನಡೆ ಥರ ಗೆರೆ ಬೀಳುತ್ತೆ, ತಿರುವಿನಲ್ಲಿ ಡಬಲ್ ಡೋಸು, ಎರಡು ತಿರುವಿನ ನಡುವೆ ತ್ರಿಕೋನದ ಖಾಲಿ ಜಾಗ. ಹದಿನೈದು ದಿನ ಆದ್ಮೇಲೆ ಅಂಚಿನ ಮೇಲೆ ನಿಂತು ನೋಡಿದ್ರೆ ಆ ತ್ರಿಕೋನಗಳು ಒಂದು ಬಲಕ್ಕೆ ಒಂದು ಎಡಕ್ಕೆ ಸಾಲಾಗಿ ಹಸಿರು ಕಾಣುತ್ತೆ, ತಿರುವು ಬಿದ್ದ ಕಡೆ ಭತ್ತದ ಗರಿ ತುದೀನೂ ಸ್ವಲ್ಪ ಹಳದಿ ಆಗಿರುತ್ತೆ. ಕೀಟನಾಶಕಕ್ಕೆ ಇಷ್ಟು ಹೆಚ್ಚುಕಮ್ಮಿ ನಡೆಯುತ್ತೆ, ಹುಲ್ಲು ಮಾತ್ರ ನಿಂತ ಜಾಗದಿಂದ ಅಲ್ಲಾಡಲ್ಲ, ತಪ್ಪಿದ್ದು ತಪ್ಪಿದ ಹಾಗೇ.

ಫ್ಲ್ಯಾಟ್ ಫ್ಯಾನ್ ಅಂದ್ರೆ ಬೀಸಣಿಗೆ ಥರ ಚಪ್ಪಟೆ ಹಾಳೆಯಾಗಿ ಬೀಳೋದು. ಹುಟ್ಟಿ ಬಂದ ಹುಲ್ಲಿಗೆ ನನ್ನ ಪ್ರಕಾರ ಇದೇ ಸರಿ, ಇದರಲ್ಲಿ ಎರಡು ಮಾತಿಲ್ಲ. ಬೀಸೋ ಅವಶ್ಯಕತೆ ಇಲ್ಲ, ಲ್ಯಾನ್ಸ್ ಮುಂದೆ ಹಿಡಿದು ನೇರವಾಗಿ ನಡೆದ್ರೆ ಸಾಕು. 110 ಡಿಗ್ರಿ ನಾಜಲ್ ಅನ್ನ ಹುಲ್ಲಿನ ತುದಿಯಿಂದ ಅರ್ಧ ಮೀಟರ್ ಮೇಲೆ ಹಿಡಿದ್ರೆ ಲೆಕ್ಕಕ್ಕೆ 1.4 ಮೀಟರ್ ಅಗಲ ಬರುತ್ತೆ, ಆದ್ರೆ ಎರಡೂ ತುದೀಲಿ ತೆಳು ಇರುತ್ತೆ, ಅದಕ್ಕೆ ಸಾಲಿಂದ ಸಾಲಿಗೆ ಒಂದೇ ಮೀಟರ್ ಅಂತರ ಇಟ್ಕೊಂಡು ಅಂಚು ಅಂಚು ಸ್ವಲ್ಪ ಸೇರೋ ಹಾಗೆ ನಡೀಬೇಕು. ಇಲ್ಲಿ ಎಲ್ಲರೂ ಮರೆಯೋದು ಎತ್ತರ. ಮಧ್ಯಾಹ್ನ ಆಗ್ತಿದ್ದಂಗೆ ಕೈ ಸೋತು ಲ್ಯಾನ್ಸ್ ಕೆಳಗೆ ಇಳಿಯುತ್ತೆ, ಅರ್ಧ ಮೀಟರ್ ಇದ್ದಿದ್ದು ಕಾಲು ಮೀಟರಿಗೆ ಬಂದ್ರೆ ಅಗಲಾನೂ ಅರ್ಧಕ್ಕೆ ಇಳಿಯುತ್ತೆ, ಆದ್ರೆ ಕಾಲು ಅದೇ ಒಂದು ಮೀಟರ್ ಅಂತರದಲ್ಲೇ ಹೆಜ್ಜೆ ಹಾಕ್ತಾ ಇರುತ್ತೆ, ಹಂಗಾಗಿ ಬೆಳಿಗ್ಗೆ ಹೊಡೆದ ಗದ್ದೆ ಕ್ಲೀನಾಗಿ ಮಧ್ಯಾಹ್ನ ಹೊಡೆದ ಗದ್ದೆ ಪಟ್ಟೆ ಆಗೋದು. ಇನ್ನೊಂದು, ನಾಜಲ್ ನೆಟ್ಟಗೆ ಕೆಳಕ್ಕೆ ಮುಖ ಮಾಡಿಸೋದಕ್ಕಿಂತ ಸ್ವಲ್ಪ ಮುಂದಕ್ಕೆ ಓರೆ ಮಾಡಿ ಹಿಡಿದ್ರೆ ನಿಂತಿರೋ ಸಣ್ಣ ಗರಿಗೆ ಹನಿ ಅಡ್ಡವಾಗಿ ತಾಗುತ್ತೆ, ಎಳೆ ಹುಲ್ಲಿಗೆ ಇದು ಒಳ್ಳೆ ಫರಕ್ ಕೊಡುತ್ತೆ.

ಫ್ಲ್ಯಾಟ್ ಫ್ಯಾನಿನಲ್ಲಿ ಬಣ್ಣ ನೋಡಿ ತಗೊಳ್ಳಿ. ಹಸಿರು ಅಂದ್ರೆ 015, ಹಳದಿ 02, ನೀಲಿ 03, ಕೆಂಪು 04. ಮೂರು ಬಾರ್ ಪ್ರೆಶರಿನಲ್ಲಿ ಹಳದಿ ನಿಮಿಷಕ್ಕೆ ಸುಮಾರು 0.8 ಲೀಟರ್, ನೀಲಿ 1.2 ಲೀಟರ್ ಬಿಡುತ್ತೆ. ನಮ್ಮ ಬೆನ್ನಿನ ಪಂಪಿಗೆ ನೀಲಿ ಸಾಕು, ಕಲ್ಮಶ ಕಟ್ಟೋದೂ ಕಮ್ಮಿ. ಜೋಳದ ಸಾಲಿನ ನಡುವೆ ಮಾತ್ರ ಹೊಡೆಯೋದಾದ್ರೆ ಈವನ್ ಫ್ಯಾನ್ ಅಂತ ಬರುತ್ತೆ, ಅದರಲ್ಲಿ ತುದೀನೂ ನಡುವೂ ಒಂದೇ ಸಮ, ಅದನ್ನ ಪಟ್ಟಿಗೆ ಮಾತ್ರ ಬಳಸಿ, ಪೂರ್ತಿ ಹೊಲಕ್ಕೆ ಬಳಸಿದ್ರೆ ಅಂಚು ಸೇರಿದ ಕಡೆ ಡಬಲ್ ಬೀಳುತ್ತೆ.

ಫ್ಲಡ್ ಜೆಟ್ ಕಮ್ಮಿ ಪ್ರೆಶರಿನಲ್ಲೇ ಅಗಲವಾಗಿ ದಪ್ಪ ಹನಿ ಬಿಡುತ್ತೆ. ಮಣ್ಣಿಗೆ ಹೊಡೆಯೋ ಔಷಧಿಗೆ, ಅಂದ್ರೆ ಬಿತ್ತಿದ ಮೇಲೆ ಕಳೆ ಹುಟ್ಟೋ ಮೊದಲು ಹೊಡೆಯೋ ಅಟ್ರಾಜಿನ್, ಪೆಂಡಿಮೆಥಾಲಿನ್ ಇಂಥದಕ್ಕೆ ಇದು ಚೆನ್ನಾಗಿರುತ್ತೆ, ಗಾಳಿಗೆ ಹಾರೋದು ಕಮ್ಮಿ, ಕೆಲಸ ಬೇಗ. ಹುಟ್ಟಿದ ಹುಲ್ಲಿಗೆ ಬೇಡ, ಹನಿ ದಪ್ಪ ಆಗಿ ಗರಿಯಿಂದ ಉರುಳಿ ಹೋಗುತ್ತೆ.

ಕೊನೇದು ಗನ್ನು. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಅದೇ ಜಾಸ್ತಿ ಪ್ರೆಶರಿನ ಎಚ್‌ಟಿಪಿ ಪಂಪು ಅದೇ ಗನ್ನಿನಲ್ಲಿ ತೋಟದ ಹುಲ್ಲಿಗೂ ಹೊಡೆಯೋದು ಎಷ್ಟೋ ಕಡೆ ನಡೀತಾ ಇದೆ, ದಯವಿಟ್ಟು ಬೇಡ. ಅಷ್ಟು ಪ್ರೆಶರಿಗೆ ಒಂದು ಕಡೆ ಹೊಳೆ ಥರ ಸುರಿಯುತ್ತೆ ಇನ್ನೊಂದು ಕಡೆ ಹೊಗೆ ಥರ ಹಾರುತ್ತೆ, ಆ ಹೊಗೆ ಹೋಗಿ ಕೂರೋದು ಎಳೆ ಅಡಿಕೆ ಸಸಿ ಮೇಲೆ, ಪಕ್ಕದವರ ಶುಂಠಿ ಮೇಲೆ, ಕಾಳುಮೆಣಸಿನ ಬಳ್ಳಿ ಬುಡಕ್ಕೆ. ಬೆನ್ನಿಗೆ ಹಾಕೋ ಮಿಸ್ಟ್ ಬ್ಲೋವರ್ ಅಂತೂ ಕಳೆನಾಶಕಕ್ಕೆ ಮುಟ್ಟಲೇಬಾರದು.

ಈ ಮಾತೆಲ್ಲ ನಿಜವಾ ಅಂತ ನೋಡ್ಬೇಕಾದ್ರೆ ಅಡಿಕೆ ಒಣಗಿಸೋ ಸಿಮೆಂಟ್ ಅಂಗಳ ಇದ್ದವರಿಗೆ ತುಂಬಾ ಸುಲಭ. ಬಿಸಿಲಿರೋ ದಿನ ಟ್ಯಾಂಕಿಗೆ ಬರೀ ನೀರು ಹಾಕಿ, ಗದ್ದೇಲಿ ಹೆಂಗೆ ಹೊಡೀತೀರೋ ಹಂಗೇ ಅಂಗಳದ ಮೇಲೆ ನಡೆದು ಹೊಡೀರಿ, ಆಮೇಲೆ ಒಣಗೋದನ್ನ ನೋಡ್ತಾ ನಿಂತ್ಕೊಳಿ. ಕಮ್ಮಿ ಬಿದ್ದ ಜಾಗ ಮೊದಲು ಬೆಳ್ಳಗಾಗುತ್ತೆ, ಜಾಸ್ತಿ ಬಿದ್ದಲ್ಲಿ ಕಪ್ಪಗೆ ಒದ್ದೆ ಉಳಿಯುತ್ತೆ. ಕೋನ್ ನಾಜಲ್ ಬೀಸಿ ಹೊಡೆದಿದ್ದು, ಫ್ಯಾನ್ ನಾಜಲ್ ನೇರ ಹಿಡಿದು ಹೊಡೆದಿದ್ದು ಎರಡನ್ನೂ ಪಕ್ಕ ಪಕ್ಕ ಮಾಡಿ ನೋಡಿದ್ರೆ ಸಾಕು. ನಾಜಲ್ ಸವೆದಿದ್ರೂ ಇಲ್ಲೇ ಗೊತ್ತಾಗುತ್ತೆ, ನಡುವೆ ಒಂದು ಗೆರೆ ಮಾತ್ರ ಒದ್ದೆ ಉಳಿಯುತ್ತೆ. ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆದಾಗ ಹೊಸ ನಾಜಲಿಗಿಂತ ನೂರಕ್ಕೆ ಹತ್ತು ಭಾಗ ಜಾಸ್ತಿ ಬರ್ತಿದೆ ಅಂದ್ರೆ ಆ ನಾಜಲ್ ಎಸೀರಿ. ಕಟ್ಟಿಕೊಂಡ್ರೆ ತಂತಿ, ಸೂಜಿ ಹಾಕಿ ಚುಚ್ಚಬೇಡಿ, ಹಳೆ ಟೂತ್ ಬ್ರಷ್ ಸಾಕು. ಬಾಯಲ್ಲಿ ಊದೋದು ಅಂತೂ ಬೇಡವೇ ಬೇಡ.

ಎಷ್ಟು ನೀರು, ಟ್ಯಾಂಕಿಗೆ ಎಷ್ಟು ಎಂಎಲ್

ಅಂಗಡೀಲಿ "ಟ್ಯಾಂಕಿಗೆ 20 ಎಂಎಲ್ ಹಾಕಿ" ಅಂತ ಹೇಳಿ ಕಳಿಸ್ತಾರೆ. ಎಕರೆಗೆ ನೀವು ಐದು ಟ್ಯಾಂಕ್ ಹೊಡೀತೀರೋ ಹತ್ತು ಟ್ಯಾಂಕ್ ಹೊಡೀತೀರೋ ಗೊತ್ತಿಲ್ದೆ ಈ ಲೆಕ್ಕ ಹೇಳೋಕೆ ಬರಲ್ಲ. ಬಿಸ್ಪೈರಿಬ್ಯಾಕ್ ಸೋಡಿಯಂ 10 ಪರ್ಸೆಂಟ್ ಎಸ್‌ಸಿ ಎಕರೆಗೆ 80ರಿಂದ 100 ಎಂಎಲ್, ಲೇಬಲ್ಲಿನ ಡೋಸು ಜಾಗಕ್ಕೆ ಇರೋದು, ಟ್ಯಾಂಕಿಗೆ ಅಲ್ಲ. ಐದು ಟ್ಯಾಂಕ್ ಹೊಡೆಯೋರು 20 ಎಂಎಲ್ ಹಾಕಿದ್ರೆ 100, ಸರಿ. ಹತ್ತು ಟ್ಯಾಂಕ್ ಹೊಡೆಯೋರು ಹಾಕಿದ್ರೆ 200, ಭತ್ತ ಹಳದಿ. ಮೂರೇ ಟ್ಯಾಂಕಿನಲ್ಲಿ ಓಡಿ ಮುಗಿಸೋರು ಹಾಕಿದ್ರೆ 60, ಹುಲ್ಲು ಎರಡು ದಿನ ಬಾಡಿ ಮತ್ತೆ ಎದ್ದು ನಿಲ್ಲುತ್ತೆ.

ನಿಮ್ಮ ನಡಿಗೆಗೆ ನಿಮ್ಮ ನಾಜಲಿಗೆ ಎಷ್ಟು ನೀರು ಅಂತ ಕಂಡ್ಕೊಳ್ಳೋಕೆ ಗುಂಟೆ ಲೆಕ್ಕ ಸಾಕು. 33 ಅಡಿ ಉದ್ದ 33 ಅಡಿ ಅಗಲ ಹಗ್ಗ ಹಿಡಿದು ಗೂಟ ಹೊಡ್ಕೊಳಿ, ಅದು ಒಂದು ಗುಂಟೆ. ಟ್ಯಾಂಕಿಗೆ ಅಳೆದು ಬರೀ ನೀರು ಹಾಕಿ, ಮೀಟರ್ ಅಂತರದಲ್ಲಿ ಹತ್ತು ಸಾಲು ನಡೆದು ಆ ಗುಂಟೆ ಮುಗಿಸಿ, ಉಳಿದ ನೀರು ಅಳೀರಿ. ಮೂರು ಲೀಟರ್ ಖರ್ಚಾಗಿದ್ರೆ ನಲವತ್ತು ಗುಂಟೆಗೆ, ಅಂದ್ರೆ ಎಕರೆಗೆ, 120 ಲೀಟರ್. 16 ಲೀಟರಿನ ಟ್ಯಾಂಕಿಗೆ ಏಳೂವರೆ ಟ್ಯಾಂಕ್. ಎಕರೆಗೆ 100 ಎಂಎಲ್ ಔಷಧಿ ಆದ್ರೆ ಟ್ಯಾಂಕಿಗೆ 13 ಎಂಎಲ್ ಚಿಲ್ಲರೆ. ಕೆಸರು ಗದ್ದೇಲಿ ನಡಿಗೆ ನಿಧಾನ ಆಗುತ್ತೆ, ಅದಕ್ಕೆ ಈ ಅಳತೆ ಗದ್ದೇಲೇ ಮಾಡಿ, ಅಂಗಳದಲ್ಲಿ ಬೇಡ. ಕೆಲಸದವರು ಹೊಡೆಯೋದಾದ್ರೆ ಅವರ ಕೈಲೇ ಮಾಡಿಸಿ, ಅವರ ಹೆಜ್ಜೆ ಬೇರೆ ನಿಮ್ಮ ಹೆಜ್ಜೆ ಬೇರೆ.

ಹುಟ್ಟಿದ ಹುಲ್ಲಿಗೆ ಎಕರೆಗೆ 120ರಿಂದ 150 ಲೀಟರ್ ಇಟ್ಕೊಳಿ, ಮಣ್ಣಿಗೆ ಹೊಡೆಯೋದಕ್ಕೆ 200 ಲೀಟರ್ ತನಕ ಹೋಗಬಹುದು. ನೀರು ಜಾಸ್ತಿ ಆದಷ್ಟು ಒಳ್ಳೇದು ಅನ್ನೋದೂ ಸರಿ ಅಲ್ಲ, ಗರಿಯಿಂದ ತೊಟ್ಟಿಕ್ಕೋ ಅಷ್ಟು ಹೊಡೆದ್ರೆ ಔಷಧಿ ನೀರಿನ ಜೊತೆ ಕೆಳಗೆ ಹೋಯ್ತು ಅಂತ ಅರ್ಥ. ನೀರು ತಿಳಿ ಇರಲಿ. ಮಳೆಗಾಲದ ಹಳ್ಳದ ಕೆಂಪು ನೀರಿನಲ್ಲಿ ಗ್ಲೈಫೋಸೇಟ್, ಪ್ಯಾರಾಕ್ವಾಟ್ ಕಲಸಿದ್ರೆ ಮಣ್ಣಿನ ಕಣ ಔಷಧೀನ ಟ್ಯಾಂಕಿನಲ್ಲೇ ಹಿಡ್ಕೊಂಡು ಬಿಡುತ್ತೆ.

ಔಷಧಿ ಜೊತೆ ಕಲಸೋ ಗಮ್ಮಿನ (ಅಂಟಿನ) ವಿಷಯ ಇಲ್ಲೇ ಹೇಳಿಬಿಡ್ತೀನಿ. ಬೋರ್ಡೋಕ್ಕೆ ಹಾಕೋ ರೋಸಿನ್ ಸೋಡಾ ಅಂಟಿಸೋಕೆ ಇರೋದು, ಹುಲ್ಲಿಗೆ ಬೇಕಾಗಿರೋದು ಹರಡಿ ಒಳಗೆ ಇಳಿಸೋ ಸರ್ಫ್ಯಾಕ್ಟಂಟ್, ಎರಡೂ ಒಂದೇ ಅಲ್ಲ. ಜೋಳದ ಟೆಂಬೋಟ್ರಯೋನ್, ಟೋಪ್ರಾಮಿಜೋನ್ ಜೊತೆ ಕಂಪನಿಯವರು ಒಂದು ಬಾಟ್ಲಿ ಕೊಡ್ತಾರಲ್ಲ, ಅದು ಫ್ರೀ ಐಟಂ ಅಲ್ಲ, ಅದನ್ನ ಹಾಕದೆ ಹೊಡೆದ್ರೆ ಔಷಧಿ ಅರ್ಧಂಬರ್ಧ ಕೆಲಸ ಮಾಡುತ್ತೆ.

ಪಂಪು

ಕೈ ಪಂಪಿನಲ್ಲಿ ಪ್ರೆಶರ್ ಏರಿಳಿತ ಜಾಸ್ತಿ, ಎರಡು ಹೆಜ್ಜೆಗೊಂದು ಸಲ ಒತ್ತುತ್ತಾ ಹೋದ್ರೆ ಪರವಾಗಿಲ್ಲ, ಮರೆತ್ರೆ ಫ್ಯಾನ್ ಮುದುಡಿ ಗೆರೆ ಆಗುತ್ತೆ. ಬ್ಯಾಟರಿ ಪಂಪು ಇದಕ್ಕಿಂತ ಎಷ್ಟೋ ವಾಸಿ, ಪ್ರೆಶರ್ ಒಂದೇ ಸಮ. ಆದ್ರೆ ಡಬಲ್ ಮೋಟರ್ ಇರೋದು ಫುಲ್ ಇಟ್ಟು ಹೊಡೆದ್ರೆ ಹನಿ ತೀರಾ ಸಣ್ಣ ಆಗಿ ಹಾರುತ್ತೆ, ರೆಗ್ಯುಲೇಟರ್ ತಿರುಗಿಸಿ ಕಮ್ಮಿ ಮಾಡಿ, ಫ್ಯಾನ್ ನಾಜಲಿಗೆ ಎರಡರಿಂದ ಮೂರು ಬಾರ್ ಸಾಕು. ಮಧ್ಯಾಹ್ನದ ಮೇಲೆ ಚಾರ್ಜ್ ಇಳಿದಾಗ ಫ್ಯಾನಿನ ಅಗಲ ಕಮ್ಮಿ ಆಗೋದನ್ನ ಕಣ್ಣಲ್ಲೇ ನೋಡಬಹುದು, ಆವಾಗ ನಿಲ್ಲಿಸಿ. ದುಡ್ಡು ಇರೋದು ಒಂದಕ್ಕೇ ಅಂದ್ರೆ ಹೊಸ ಪಂಪಿಗಿಂತ ಮೊದಲು ಫ್ಯಾನ್ ನಾಜಲ್ ತಗೊಳ್ಳಿ.

ಡ್ರೋನ್ ಬಗ್ಗೆ ಈಗೀಗ ಜಾಸ್ತಿ ಜನ ಕೇಳ್ತಾರೆ. ಎಕರೆಗೆ ಹತ್ತು ಲೀಟರ್ ಆಸುಪಾಸಿನ ನೀರಿನಲ್ಲಿ ಕೆಲವೇ ನಿಮಿಷಕ್ಕೆ ಮುಗಿಸುತ್ತೆ, ಆಳು ಸಿಗದ ಕಾಲದಲ್ಲಿ ಆಕರ್ಷಣೆ ಇರೋದು ಸಹಜ. ಶಿಕಾರಿಪುರ, ಭದ್ರಾವತಿ ಕಡೆ ದೊಡ್ಡ ಬಯಲು ಗದ್ದೆಗೆ ಯೋಚನೆ ಮಾಡಬಹುದು, ಅದೂ ಲೇಬಲ್ಲಿನಲ್ಲಿ ಡ್ರೋನಿಗೆ ಒಪ್ಪಿಗೆ ಇದ್ದ ಔಷಧಿ ಆದ್ರೆ ಮಾತ್ರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗದ್ದೆ ಅಂದ್ರೆ ಎರಡು ಗುಡ್ಡದ ನಡುವಿನ ಸಣ್ಣ ಸಣ್ಣ ಮೆಟ್ಟಿಲು, ಪಕ್ಕದಲ್ಲೇ ತೋಟ, ಮೇಲೆ ಮರದ ಕೊಂಬೆ, ಅಲ್ಲಿ ಮೇಲಿಂದ ಕಳೆನಾಶಕ ಹೊಡೆಸೋದು ನನಗೆ ಸರಿ ಕಾಣಲ್ಲ. ಇನ್ನು ಮಣ್ಣಿಗೆ ಹೊಡೆಯೋ ಔಷಧಿಗೆ ಅಷ್ಟು ಕಮ್ಮಿ ನೀರು ನನಗೆ ಧೈರ್ಯ ಬರಲ್ಲ.

ಭತ್ತಕ್ಕೆ: ಮರಳಿನಲ್ಲಿ ಎರಚೋದಾ, ಸ್ಪ್ರೇನಾ

ನಟ್ಟಿ ಗದ್ದೆಗೆ ಎರಡು ದಾರಿ ಇದೆ. ಒಂದು, ನೆಟ್ಟ ಮೂರು ದಿನದೊಳಗೆ ಪ್ರೆಟಿಲಾಕ್ಲೋರ್ 50 ಇಸಿ ಎಕರೆಗೆ 400ರಿಂದ 600 ಎಂಎಲ್ ಮರಳಿಗೆ ಕಲಸಿ, ಇಲ್ಲಾ ಬೆನ್‌ಸಲ್ಫ್ಯೂರಾನ್ ಜೊತೆ ಪ್ರೆಟಿಲಾಕ್ಲೋರ್ ಇರೋ ಹರಳು ಎಕರೆಗೆ ನಾಲ್ಕು ಕೆಜಿ ಮರಳಿನ ಜೊತೆ ಎರಚೋದು. ಇಲ್ಲಿ ನಾಜಲ್ ಇಲ್ಲ, ಆ ಕೆಲಸ ಮಾಡೋದು ಗದ್ದೆ ನೀರು. ನೀರು ಒಂದಿಂಚು ಎರಡಿಂಚು ತೆಳುವಾಗಿ ಪೂರ್ತಿ ನಿಂತಿರಬೇಕು, ಔಷಧಿ ಆ ನೀರಿನಲ್ಲಿ ಹರಡಿ ಮಣ್ಣಿನ ಮೇಲೆ ಪದರ ಆಗುತ್ತೆ. ಗದ್ದೆ ಮಟ್ಟ ಇಲ್ದೆ ಎಲ್ಲೆಲ್ಲಿ ದಿಬ್ಬ ಎದ್ದಿದೆಯೋ ಅಲ್ಲಲ್ಲಿ ಹುಲ್ಲು ಗ್ಯಾರಂಟಿ, ಹಂಗಾಗಿ ನಟ್ಟಿಗೆ ಮೊದಲು ಹಲಗೆ ಹೊಡೆಯೋದ್ರಲ್ಲಿ ಜಿಪುಣತನ ಮಾಡಬೇಡಿ. ಮಲೆನಾಡಿನಲ್ಲಿ ಇನ್ನೊಂದು ತೊಂದರೆ, ನಮ್ಮ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರೀತಾನೇ ಇರುತ್ತೆ. ಎರಚಿದ ಮೇಲೆ ಮೂರ್ನಾಲ್ಕು ದಿನ ಅಂಚಿನ ಕಂಡಿ ಮುಚ್ಚಿಡಬೇಕು, ಪುನರ್ವಸು ಮಳೆ ಹಿಡ್ಕೊಂಡು ಅಂಚು ಮೇಲೆ ನೀರು ಉಕ್ಕಿ ಹೋದ್ರೆ ಔಷಧಿ ಕೆಳಗಿನವರ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ.

ಎರಡನೇ ದಾರಿ ಹುಲ್ಲು ಹುಟ್ಟಿದ ಮೇಲೆ ಸ್ಪ್ರೇ. ಇದಕ್ಕೆ ಸಮಯ ಹುಲ್ಲು ಎರಡರಿಂದ ನಾಲ್ಕು ಎಲೆ ಇದ್ದಾಗ, ತೆಂಡೆ ಒಡೆಯೋ ಮೊದಲು. ಭತ್ತದ ಸಸಿ ಯಾವುದು, ಅದೇ ಥರ ಕಾಣೋ ಕಾಡು ಹಾರಕ ಅನ್ನೋ ಹುಲ್ಲು ಯಾವುದು ಅಂತ ಆ ವಯಸ್ಸಿನಲ್ಲಿ ಗೊತ್ತಾಗಲ್ಲ ಅನ್ನೋರು ಗರಿ ಕಾಂಡಕ್ಕೆ ಸೇರೋ ಗಂಟಿನ ಹತ್ರ ಬಿಡಿಸಿ ನೋಡಿ, ಭತ್ತದಲ್ಲಿ ಅಲ್ಲಿ ಬಿಳಿ ತೆಳು ನಾಲಿಗೆ ಥರದ ಪೊರೆ ಇರುತ್ತೆ, ಕಾಡು ಹಾರಕದಲ್ಲಿ ಬೋಳು. ಹೊಡೆಯೋ ಹಿಂದಿನ ದಿನ ನೀರು ಬಸಿದು ಹುಲ್ಲಿನ ಗರಿ ಪೂರ್ತಿ ಹೊರಗೆ ಕಾಣೋ ಹಾಗೆ ಮಾಡಬೇಕು, ನೀರೊಳಗೆ ಮುಳುಗಿರೋ ಗರಿಗೆ ಎಂಥ ನಾಜಲ್ ಹಾಕಿದ್ರೂ ಔಷಧಿ ತಾಗಲ್ಲ. ಹೊಡೆದ ಎರಡು ಮೂರು ದಿನಕ್ಕೆ ಮತ್ತೆ ನೀರು ಕಟ್ಟಿ, ಎರಡಿಂಚು ನಿಲ್ಲಿಸಿ, ಆವಾಗ ಹೊಸದು ಹುಟ್ಟಲ್ಲ. ನೀರು ಬಸಿಯೋದು, ಮತ್ತೆ ಕಟ್ಟೋದು, ಈ ಎರಡು ಕೆಲಸ ಬಿಟ್ಟೇ ಅರ್ಧ ಜನರ ಸ್ಪ್ರೇ ಹಾಳಾಗೋದು.

ಬಿಸ್ಪೈರಿಬ್ಯಾಕ್ ಕಾಡು ಹಾರಕಕ್ಕೆ ಚೆನ್ನಾಗಿದೆ, ಕೆಲವು ಜೇಕು, ಅಗಲ ಎಲೆಗೂ ಆಗುತ್ತೆ, ಆದ್ರೆ ಲೆಪ್ಟೊಕ್ಲೋವ ಅಂತ ತೆಳ್ಳಗೆ ಉದ್ದಕ್ಕೆ ಬೆಳೆದು ಕೆಂಪು ಛಾಯೆ ತೆನೆ ಬಿಡೋ ಹುಲ್ಲಿಗೆ ಆಗಲ್ಲ. ಅದಕ್ಕೆ ಸೈಹಾಲೋಫಾಪ್ 10 ಇಸಿ ಎಕರೆಗೆ 300 ಎಂಎಲ್ ಆಸುಪಾಸು, ಇಲ್ಲಾ ಫೆನಾಕ್ಸಾಪ್ರಾಪ್. ಇವೆರಡೂ ಹುಲ್ಲಿಗೆ ಮಾತ್ರ, ಜೇಕಿಗೆ ಅಗಲ ಎಲೆಗೆ ಏನೂ ಆಗಲ್ಲ. ಕಾಂಡ ಮೂರು ಮೂಲೆ ಇದ್ರೆ ಅದು ಜೇಕು, ಹುಲ್ಲಲ್ಲ. ಒಂದೇ ಸಲಕ್ಕೆ ಮುಗೀಲಿ ಅಂತ ಇವುಗಳ ಜೊತೆ ಅಗಲ ಎಲೆ ಕಳೆಗೆ ಹೊಡೆಯೋ 2,4-ಡಿ ಕಲಸೋರಿದ್ದಾರೆ, 2,4-ಡಿ ಸೇರಿದ್ರೆ ಹುಲ್ಲಿನ ಔಷಧಿ ಶಕ್ತಿ ಕಮ್ಮಿ ಆಗುತ್ತೆ, ಬೇರೆ ಬೇರೆ ದಿನ ಹೊಡೀರಿ.

ನಟ್ಟಿಗೆ ಬೇಗ ಕೈ ಹಾಕಿ ನೀರು ನಿಲ್ಲಿಸೋ ಶಕ್ತಿ ಇದ್ದ ಗದ್ದೆಗೆ ಎರಚೋದೇ ಮೇಲು, ಮಳೆ ನಡುವೆ ಹೊಳವು ಕಾಯೋ ಕಷ್ಟ ಇಲ್ಲ. ಸೊರಬ, ಶಿಕಾರಿಪುರ ಕಡೆ ಕೂರಿಗೆ ಬಿತ್ತನೆ ಮಾಡಿದವರಿಗೆ ನಿಂತ ನೀರೇ ಇರಲ್ಲ, ಅವರು ಬಿತ್ತಿದ ಕೂಡಲೇ ಮಣ್ಣಿಗೆ ಒಂದು, ಹುಲ್ಲು ಎಳೆ ಇದ್ದಾಗ ಇನ್ನೊಂದು ಸ್ಪ್ರೇಗೆ ತಯಾರಿರಬೇಕು, ಅವರಿಗೇ ನಾಜಲ್ ವಿಷಯ ಎಲ್ಲರಿಗಿಂತ ಮುಖ್ಯ.

ಜೋಳಕ್ಕೆ

ಗೋವಿನಜೋಳಕ್ಕೆ ಬಿತ್ತಿದ ಮೂರು ದಿನದೊಳಗೆ ಅಟ್ರಾಜಿನ್ 50 ಡಬ್ಲ್ಯೂಪಿ ಎಕರೆಗೆ 400ರಿಂದ 800 ಗ್ರಾಂ, ಮಣ್ಣು ಹಸಿ ಇದ್ದಾಗ, ಫ್ಲಡ್ ಜೆಟ್ ಹಾಕಿ, ಹಿಮ್ಮುಖ ನಡೀತಾ ಹೊಡೀರಿ, ಹೊಡೆದ ಪದರ ತುಳಿಯಬಾರದು. ಹೆಂಟೆ ದೊಡ್ಡದಿದ್ರೆ ಹೆಂಟೆ ಮೇಲೆ ಮಾತ್ರ ಔಷಧಿ ಬೀಳುತ್ತೆ, ಮಳೆಗೆ ಹೆಂಟೆ ಕರಗಿದಾಗ ಒಳಗಿನ ಮಣ್ಣಲ್ಲಿ ಹುಲ್ಲು ಹುಟ್ಟುತ್ತೆ. ಅಟ್ರಾಜಿನ್ ಪುಡಿ ತಳ ಹಿಡಿಯುತ್ತೆ, ಟ್ಯಾಂಕ್ ಆಗಾಗ ಅಲ್ಲಾಡಿಸಿ. ನಡುವೆ ತೊಗರಿ, ಅವರೆ, ಅಲಸಂದೆ ಹಾಕೋ ಯೋಚನೆ ಇದ್ರೆ ಅಟ್ರಾಜಿನ್ ಬೇಡ, ದ್ವಿದಳ ಹುಟ್ಟಲ್ಲ.

ಅಟ್ರಾಜಿನ್ ಅಗಲ ಎಲೆಗೆ ಗಟ್ಟಿ, ಹುಲ್ಲಿಗೆ ಅಷ್ಟಕ್ಕಷ್ಟೆ. ಹುಲ್ಲು ಬಂದ್ರೆ ಟೆಂಬೋಟ್ರಯೋನ್ ಎಕರೆಗೆ 115 ಎಂಎಲ್ ಇಲ್ಲಾ ಟೋಪ್ರಾಮಿಜೋನ್ 30 ಎಂಎಲ್, ಅದರ ಜೊತೆ ಬಾಟ್ಲಿ ಸೇರಿಸಿ, ಫ್ಯಾನ್ ನಾಜಲಿನಲ್ಲಿ, ಹುಲ್ಲು ನಾಲ್ಕು ಎಲೆ ದಾಟೋ ಮೊದಲು. ಕೆಲಸ ಮಾಡಿದ್ರೆ ಹುಲ್ಲಿನ ಹೊಸ ಗರಿ ಸುಣ್ಣ ಬಳಿದಷ್ಟು ಬೆಳ್ಳಗಾಗುತ್ತೆ, ಐದಾರು ದಿನಕ್ಕೆ ಹೊಲದಲ್ಲಿ ನಡೆದ್ರೆ ಎಲ್ಲಿ ಬಿತ್ತು ಎಲ್ಲಿ ಬೀಳಲಿಲ್ಲ ಅಂತ ಕಣ್ಣಿಗೆ ರಾಚುತ್ತೆ, ಹಂಗಾಗಿ ಸ್ಪ್ರೇ ಕಲಿಯೋಕೆ ಈ ಔಷಧಿಗಳೇ ಒಳ್ಳೆ ಮೇಷ್ಟ್ರು. ಜೋಳ ಮೊಣಕಾಲು ದಾಟಿದ್ರೆ ಮೇಲಿಂದ ಹೊಡೆದಿದ್ದು ಜೋಳದ ಎಲೆ ಮೇಲೇ ನಿಲ್ಲುತ್ತೆ, ಅಡಿಯ ಹುಲ್ಲಿಗೆ ತಲುಪಲ್ಲ, ಆವಾಗ ಎಡೆಕುಂಟೆ ಹೊಡೆಯೋದೇ ವಾಸಿ. ಜೇಕು ತುಂಬಿದ ಹೊಲಕ್ಕೆ ಹ್ಯಾಲೋಸಲ್ಫ್ಯೂರಾನ್ ಎಕರೆಗೆ 36 ಗ್ರಾಂ.

ತೋಟದ ಹುಲ್ಲಿಗೆ ನಾನು ಕಟಾವು ಯಂತ್ರದ ಪರ. ಗ್ಲೈಫೋಸೇಟನ್ನ ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಇಳಿಜಾರಿನ ತೋಟದಲ್ಲಿ ನೆಲ ಬೋಳು ಮಾಡಿದ್ರೆ ಮಣ್ಣು ಮಳೆಗೆ ಕೊಚ್ಚಿ ಹೋಗೋದು ಬೇರೆ.

ಮಳೆ, ಗಾಳಿ, ಇಬ್ಬನಿ

ಹೊಡೆದ ಮೇಲೆ ನಾಲ್ಕರಿಂದ ಆರು ಗಂಟೆ ಮಳೆ ಬರಬಾರದು ಅನ್ನೋ ಲೆಕ್ಕದಲ್ಲೇ ಇರಿ, ಲೇಬಲ್ಲಿನಲ್ಲಿ ಬೇರೆ ಹೇಳಿದ್ರೆ ಅದೇ ಅಂತಿಮ. ಬೆಳಿಗ್ಗೆ ಇಬ್ಬನಿ ಗರಿ ತುಂಬಾ ಇದ್ದಾಗ ಹೊಡೆದ್ರೆ ಹನಿ ಹನಿ ಸೇರಿ ಉರುಳುತ್ತೆ, ಇಬ್ಬನಿ ಆರಿದ ಮೇಲೆ ಶುರು ಮಾಡಿ. ಗಾಳಿ ಪೂರ್ತಿ ನಿಂತು ಮಂಜು ಕವಿದ ಹೊತ್ತು ಒಳ್ಳೇದು ಅನ್ಸುತ್ತೆ, ಆದ್ರೆ ಆ ಹೊತ್ತಲ್ಲಿ ಸಣ್ಣ ಹನಿ ಕೆಳಗಿಳೀದೆ ತೇಲಿ ಕಣಿವೆ ಉದ್ದಕ್ಕೂ ಹೋಗುತ್ತೆ, ಎಲೆ ಮೆಲ್ಲಗೆ ಅಲ್ಲಾಡೋ ಅಷ್ಟು ಗಾಳಿ ಇದ್ರೆ ಅದು ಯಾವ ಕಡೆ ಹೋಗ್ತಿದೆ ಅಂತಾದ್ರೂ ಗೊತ್ತಿರುತ್ತೆ.

ಪುಷ್ಯ ಮಳೆ ಹಿಡಿದು ವಾರಗಟ್ಟಲೆ ಬಿಡದೇ ಹೋದಾಗ ಏನು ಮಾಡೋದು? ಅರ್ಧ ಗಂಟೆ ಹೊಳವು ನೋಡಿ ಹೊಡೆಯೋದು ದುಡ್ಡು ದಂಡ. ಹುಲ್ಲು ನಾಲ್ಕೆಲೆ ಒಳಗಿದ್ರೆ ಕಾಯಿರಿ, ದಾಟಿ ತೆಂಡೆ ಒಡೆದ್ರೆ ಡೋಸ್ ಜಾಸ್ತಿ ಮಾಡಿ ಸರಿಮಾಡೋಕೆ ಆಗಲ್ಲ, ಸಾಲು ನಟ್ಟಿ ಆಗಿದ್ರೆ ಸಾಲಿನ ನಡುವೆ ತಳ್ಳೋ ಕಳೆ ಯಂತ್ರ ಕೋನೋ ವೀಡರ್ ಓಡಿಸಿ, ಇಲ್ಲಾಂದ್ರೆ ಕೈ ಕಳೆ.

ಕೈಗೆ ಗ್ಲೌಸ್, ಕಾಲಿಗೆ ಬೂಟು, ಗಾಳಿ ಬೆನ್ನಿಗೆ, ಇಷ್ಟು ಕಡ್ಡಾಯ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದ್ರೆ ಅದಕ್ಕೆ ಪ್ರತಿಮದ್ದೇ ಇಲ್ಲ, ಮನೇಲಿ ಇಟ್ಕೊಳ್ಳೋದೇ ಬೇಡ. ಹುಲ್ಲಿನ ಔಷಧಿಗೆ ಬೇರೆ ಪಂಪ್ ಇಡೋದು ಎಲ್ಲಕ್ಕಿಂತ ಒಳ್ಳೇದು, ಆಗಲಿಲ್ಲ ಅಂದ್ರೆ ವಾಷಿಂಗ್ ಸೋಡಾ ಹಾಕಿ ಮೂರು ಸಲ ತೊಳೆದು ಲ್ಯಾನ್ಸ್ ಮೂಲಕವೂ ನೀರು ಬಿಡಿ. 2,4-ಡಿ ಉಳಿಕೆ ಇರೋ ಪಂಪಿನಲ್ಲಿ ಮೆಣಸಿನ ಗಿಡಕ್ಕೆ ಔಷಧಿ ಹೊಡೆದ್ರೆ ಎಲೆ ಮುದುಡಿ ಗಿಡ ಹೋಗುತ್ತೆ. ತೊಳೆದ ನೀರು ಹಳ್ಳಕ್ಕೆ ಬಿಡಬೇಡಿ.

ಉಳಿದ ಹುಲ್ಲು ನೋಡಿ ಕಾರಣ ಹಿಡಿಯೋದು

ಹದಿನೈದು ದಿನಕ್ಕೆ ಗದ್ದೆ ಸುತ್ತಿ. ಪಟ್ಟೆ ಇಲ್ಲಾ ತ್ರಿಕೋನ ಆಗಿ ಉಳಿದಿದ್ರೆ ನಾಜಲ್, ಎತ್ತರ, ನಡಿಗೆ. ದೊಡ್ಡ ಗಿಡ ಮಾತ್ರ ಉಳಿದು ಸಣ್ಣದೆಲ್ಲ ಸತ್ತಿದ್ರೆ ತಡ ಆಗಿದೆ. ತಗ್ಗಲ್ಲಿ ಮಾತ್ರ ಉಳಿದಿದ್ರೆ ನೀರು ಬಸಿದಿರಲಿಲ್ಲ. ಗದ್ದೆ ತುಂಬಾ ಎಲ್ಲವೂ ಅರೆಜೀವ ಆಗಿದ್ರೆ ಡೋಸ್ ಕಮ್ಮಿ ಇಲ್ಲಾ ಮಳೆ ತೊಳೆದಿದೆ. ಒಂದೇ ಜಾತಿ ಹುಲ್ಲು ಎಲ್ಲಾ ಕಡೆ ಉಳಿದು ಬೇರೆ ಎಲ್ಲ ಸತ್ತಿದ್ರೆ ಆ ಔಷಧಿ ಆ ಜಾತಿಗೆ ಅಲ್ಲ. ಒಂದೇ ಜಾತೀಲಿ ಸತ್ತ ಗಿಡದ ಪಕ್ಕದಲ್ಲೇ ಏನೂ ಆಗದ ಗಿಡ ನಿಂತಿದೆ, ಅದೂ ವರ್ಷ ವರ್ಷ ಒಂದೇ ಔಷಧಿ ಹೊಡೆದ ಗದ್ದೇಲಿ, ಅಂದ್ರೆ ಹುಲ್ಲು ಔಷಧಿಗೆ ಒಗ್ಗಿಕೊಳ್ತಾ ಇರಬಹುದು, ಹುಷಾರಾಗಬೇಕು. ಪಂಜಾಬ್, ಹರಿಯಾಣದ ಗೋಧಿ ಹೊಲದಲ್ಲಿ 1990ರ ದಶಕದಲ್ಲಿ ಹೀಗೇ ಆಯ್ತು, ಗುಲ್ಲಿ ದಂಡಾ ಅನ್ನೋ ಹುಲ್ಲಿಗೆ ಐಸೊಪ್ರೋಟ್ಯೂರಾನ್ ಹಿಡಿಯೋದೇ ನಿಂತು ಹೋಯ್ತು. ವರ್ಷ ವರ್ಷ ಅದೇ ಔಷಧೀನ ಅರೆಬರೆ ಡೋಸಿನಲ್ಲಿ ಹೊಡೀತಾ ಹೋದ್ರೆ ನಮ್ಮಲ್ಲೂ ಅದೇ ದಾರಿ. ಅಂಥ ಗಿಡ ಕಂಡ್ರೆ ಬೇರು ಸಮೇತ ಕಿತ್ತು ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಲ್ಲಾ ಇರುವಕ್ಕಿಯ ವಿಶ್ವವಿದ್ಯಾಲಯಕ್ಕೆ ತಗೊಂಡ್ ಹೋಗಿ ತೋರಿಸಿ, ಮುಂದಿನ ವರ್ಷ ಬೇರೆ ಗುಂಪಿನ ಔಷಧಿಗೆ ಹೋಗಿ. ಬಿಸ್ಪೈರಿಬ್ಯಾಕ್ ಒಂದು ಗುಂಪು, ಸೈಹಾಲೋಫಾಪ್ ಫೆನಾಕ್ಸಾಪ್ರಾಪ್ ಎರಡೂ ಸೇರಿ ಇನ್ನೊಂದು ಗುಂಪು, ಬ್ರ್ಯಾಂಡ್ ಬದಲಾಯಿಸಿದ ತಕ್ಷಣ ಗುಂಪು ಬದಲಾಗಲ್ಲ, ಬಾಟ್ಲಿ ಮೇಲೆ ಸಣ್ಣಕ್ಷರದಲ್ಲಿ ಬರೆದ ಹೆಸರು ಓದಿ.

ಏನೇ ಕಾರಣ ಇರಲಿ, ಉಳಿದ ಹುಲ್ಲು ತೆನೆ ಬಿಡೋ ಮೊದಲು ಕಿತ್ತುಬಿಡಿ. ಕಾಡು ಹಾರಕದ ಒಂದೇ ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತೆ, ಅದೂ ಭತ್ತ ಕೊಯ್ಯೋ ಮೊದಲೇ. ಕಿತ್ತಿದ್ದನ್ನ ಅಂಚಿನ ಮೇಲೆ ಬಿಟ್ರೆ ಮಳೆಗೆ ಗಂಟಿನಿಂದ ಮತ್ತೆ ಬೇರು ಬಿಟ್ಟು ನಿಲ್ಲುತ್ತೆ, ಗದ್ದೆಯಿಂದ ಆಚೆ ತಂದು ಗೊಬ್ಬರದ ಗುಂಡಿಗೆ ಹಾಕಿ.